ಹೆಸರು ಗಾಳಿಯದ್ದು, ಕೆಲಸ ನೀರಿನದ್ದು

"ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ". ಈ ಮಾತು ಕೇಳದೆ ನಮ್ಮಲ್ಲಿ ಯಾವ ಅಕ್ಟೋಬರ್-ನವೆಂಬರೂ ಮುಗಿಯೋದಿಲ್ಲ, ಅಲ್ವಾ? ಬೆಂಗಳೂರು, ಕೋಲಾರ, ತುಮಕೂರು ಕಡೆಯವರಿಗೆ ಅದರ ಅರ್ಥ ಇಷ್ಟೇ: ಎರಡು ದಿನ ಬಿಡದೆ ಜಿಟಿಜಿಟಿ ಮಳೆ, ಒಣಗದ ಬಟ್ಟೆ, ಸಂಜೆಗೆ ಒಂದು ತಟ್ಟೆ ಬಜ್ಜಿ, ಅದೃಷ್ಟ ಇದ್ದರೆ ಮಕ್ಕಳಿಗೆ ರಜೆ. ರಾಗಿ ಕೊಯ್ದು ಹೊಲದಲ್ಲೇ ಬಿಟ್ಟವರಿಗೆ ಮಾತ್ರ ತಲೆನೋವು. ಅದೇ ಕೊಲ್ಲಿಯ ಉತ್ತರದ ತುದಿಯಲ್ಲಿ 1970ರ ನವೆಂಬರಿನ ಒಂದೇ ರಾತ್ರಿ ಕಮ್ಮಿ ಅಂದರೂ ಎರಡು ಲಕ್ಷ, ಸಾಮಾನ್ಯವಾಗಿ ಹೇಳೋ ಲೆಕ್ಕದಲ್ಲಿ ಮೂರರಿಂದ ಐದು ಲಕ್ಷ ಜನ ಸತ್ತರು. ಸುಮಾರು ಅಷ್ಟೇ ಜೋರಿನ ಇನ್ನೊಂದು ಚಂಡಮಾರುತ 2007ರಲ್ಲಿ ಅದೇ ದೇಶಕ್ಕೆ ಅಪ್ಪಳಿಸಿದಾಗ ಸತ್ತವರು ಸುಮಾರು 3,400. ಈ ಎರಡು ಅಂಕಿಗಳ ನಡುವೆ ಏನಾಯ್ತು ಅನ್ನೋದು ತುಂಬ ದಿನದಿಂದ ನನ್ನ ತಲೆಯಲ್ಲಿ ಕೊರೀತಿದ್ದ ಪ್ರಶ್ನೆ. ಉಪಗ್ರಹ ಬಂತು, ಕಂಪ್ಯೂಟರ್ ಬಂತು ಅಂತ ಹೇಳಿ ಮುಗಿಸಬಹುದು. ಆದರೆ 1970ರಲ್ಲೂ ಉಪಗ್ರಹ ಇತ್ತು. ಕತೆ ಅಷ್ಟು ಸುಲಭ ಇಲ್ಲ.

ಮೊದಲು ಹೆಸರಿನಿಂದಲೇ ಶುರು ಮಾಡೋಣ. ನಮ್ಮ 'ಚಂಡಮಾರುತ' ಎಂಬ ಪದದಲ್ಲಿ ಇರೋದು ಬರೀ ಗಾಳಿ. ಟೀವಿಯಲ್ಲಿ ತೋರಿಸೋದೂ ಅದನ್ನೇ: ಬಗ್ಗಿದ ತೆಂಗಿನಮರ, ಹಾರಿಹೋಗುವ ತಗಡಿನ ಶೀಟು, ಮೈಕ್ ಹಿಡಿದುಕೊಂಡು ಒದ್ದೆಯಾಗಿ ನಿಂತ ವರದಿಗಾರ. ಆದರೆ ಬಂಗಾಳ ಕೊಲ್ಲಿಯ ದೊಡ್ಡ ದೊಡ್ಡ ಚಂಡಮಾರುತಗಳಲ್ಲಿ ಸತ್ತವರ ಲೆಕ್ಕ ತೆಗೆದರೆ ಬಹುಪಾಲು ಜನ ಸತ್ತದ್ದು ನೀರಿನಲ್ಲಿ ಮುಳುಗಿ. ಇಂಗ್ಲಿಷಿನಲ್ಲಿ ಸ್ಟಾರ್ಮ್ ಸರ್ಜ್ ಅಂತಾರೆ. ಕನ್ನಡದಲ್ಲಿ ಅದಕ್ಕೊಂದು ನೆಲೆನಿಂತ ಪದವೇ ಇಲ್ಲ. ಪತ್ರಿಕೆಗಳು 'ರಕ್ಕಸ ಅಲೆ' ಅಂತ ಬರೆದು ಕೈ ತೊಳೆದುಕೊಳ್ಳುತ್ತವೆ. ನಿಜಕ್ಕೂ ಅದು ಅಲೆಯೇ ಅಲ್ಲ. ಅಲೆ ಬಂದು ಹೋಗುತ್ತದೆ. ಇದು ಸಮುದ್ರವೇ ಎದ್ದು ಊರೊಳಗೆ ನಡೆದು ಬಂದು ಗಂಟೆಗಟ್ಟಲೆ ಅಲ್ಲೇ ನಿಲ್ಲೋದು, ಅದರ ಮೇಲೆ ಮತ್ತೆ ಅಲೆಗಳು. ಸದ್ಯಕ್ಕೆ ನಾನು 'ಉಬ್ಬರ' ಅಂತಲೇ ಕರೀತೀನಿ. ಹುಣ್ಣಿಮೆ-ಅಮಾವಾಸ್ಯೆಯ ಮಾಮೂಲಿ ಉಬ್ಬರ ಬೇರೆ ಅಂತ ನೆನಪಿರಲಿ.

'ಸೈಕ್ಲೋನ್' ಪದ ಕೊಟ್ಟವನು ಹೆನ್ರಿ ಪಿಡಿಂಗ್ಟನ್. ವ್ಯಾಪಾರಿ ಹಡಗಿನ ಕ್ಯಾಪ್ಟನ್ ಆಗಿದ್ದವನು, ಆಮೇಲೆ ಕಲಕತ್ತೆಯಲ್ಲಿ ನೆಲೆನಿಂತ. ಬಂದರಿಗೆ ಬರುವ ಹಡಗುಗಳ ಲಾಗ್ ಪುಸ್ತಕಗಳನ್ನು ಒಟ್ಟು ಹಾಕಿ, ಯಾವ ದಿನ ಯಾವ ಹಡಗಿಗೆ ಯಾವ ದಿಕ್ಕಿನಿಂದ ಗಾಳಿ ಬಡಿಯಿತು ಅಂತ ನಕಾಶೆಯ ಮೇಲೆ ಗುರುತು ಹಾಕ್ತಾ ಕೂತ. ಗಾಳಿ ಒಂದು ಕೇಂದ್ರದ ಸುತ್ತ ತಿರುಗುತ್ತದೆ ಅನ್ನೋದನ್ನು ಆಗಲೇ ಕೆಲವರು ಹೇಳಿದ್ದರು. ಇವನು ಅದನ್ನು ಬಂಗಾಳ ಕೊಲ್ಲಿಯ ನಾವಿಕರಿಗೆ ಉಪಯೋಗಕ್ಕೆ ಬರುವಂತೆ ಮಾಡಿದ. 1848ರಲ್ಲಿ ನಾವಿಕರಿಗಾಗಿ ಬರೆದ ಕೈಪಿಡಿಯಲ್ಲಿ ಗ್ರೀಕ್ ಮೂಲದಿಂದ 'ಸೈಕ್ಲೋನ್' ಅನ್ನೋ ಹೆಸರು ಕೊಟ್ಟ. ಹಾವಿನ ಸುರುಳಿ ಅನ್ನೋದು ಆ ಮೂಲ ಪದದ ಅರ್ಥಗಳಲ್ಲಿ ಒಂದು. ಪುಸ್ತಕದ ಜೊತೆಗೆ ಕೊಂಬಿನಿಂದ ಮಾಡಿದ ಪಾರದರ್ಶಕ ಹಾಳೆಗಳನ್ನೂ ಇಟ್ಟಿದ್ದ. ನಕಾಶೆಯ ಮೇಲೆ ಇಟ್ಟು ಗಾಳಿ ಬರುವ ದಿಕ್ಕಿಗೆ ಹೊಂದಿಸಿದರೆ ಚಂಡಮಾರುತದ ಕೇಂದ್ರ ಎಲ್ಲಿದೆ, ಹಡಗನ್ನು ಯಾವ ಕಡೆ ತಿರುಗಿಸಬೇಕು ಅಂತ ಗೊತ್ತಾಗುತ್ತಿತ್ತು. (ತಮಾಷೆ ನೋಡಿ, 2019ರಲ್ಲಿ ಒಡಿಶಾಕ್ಕೆ ಬಂದ ಚಂಡಮಾರುತಕ್ಕೆ ಬಾಂಗ್ಲಾದೇಶ ಕೊಟ್ಟಿದ್ದ ಹೆಸರು 'ಫೊನಿ'. ನಮ್ಮ ಪತ್ರಿಕೆಗಳು ಅದನ್ನು ಫನಿ, ಫಾನಿ, ಫೋನಿ ಅಂತ ಬಗೆಬಗೆಯಾಗಿ ಬರೆದು ಒದ್ದಾಡಿದವು. ಅದು ನಮ್ಮ 'ಫಣಿ'ಯೇ! ಪಿಡಿಂಗ್ಟನ್ನನ ಹಾವು ನೂರಾ ಎಪ್ಪತ್ತು ವರ್ಷಗಳ ನಂತರ ವಾಪಸ್ ಬಂದಂತಾಯಿತು.)

ಆದರೆ ನನಗೆ ಪಿಡಿಂಗ್ಟನ್ ಇಷ್ಟವಾಗೋದು ಈ ಹೆಸರಿನ ಕಾರಣಕ್ಕಲ್ಲ, ಒಂದು ಪತ್ರದ ಕಾರಣಕ್ಕೆ. ಹೂಗ್ಲಿ ನದಿಯಲ್ಲಿ ಹೂಳು ತುಂಬುತ್ತಿದೆ, ಕಲಕತ್ತೆಗೆ ಇನ್ನೊಂದು ಬಂದರು ಬೇಕು ಅಂತ ಸರ್ಕಾರ ಮಾತ್ಲಾ ನದಿಯ ದಂಡೆಯನ್ನು ಆರಿಸಿತು. 1853ರಲ್ಲಿ ಪಿಡಿಂಗ್ಟನ್ ಗವರ್ನರ್ ಜನರಲ್ ಡಾಲ್‌ಹೌಸಿಗೆ ಬಹಿರಂಗ ಪತ್ರ ಬರೆದ. ಅಲ್ಲಿ ಬಂದರು ಕಟ್ಟಬೇಡಿ, ಒಂದು ದಿನ ಚಂಡಮಾರುತದ ಜೊತೆ ಸಮುದ್ರ ಊರಿನ ಮೇಲೆ 5ರಿಂದ 15 ಅಡಿ ಎತ್ತರಕ್ಕೆ ಏರಿ ಬರುತ್ತದೆ ಅನ್ನೋದು ಅದರ ಸಾರ. ಗಾಳಿಯ ವಿಚಾರ ಬಿಟ್ಟು ನೀರಿನ ವಿಚಾರ ಬರೆದಿದ್ದ, ನೋಡಿ. ಯಾರೂ ಕೇಳಲಿಲ್ಲ. ಬಂದರು ಎದ್ದಿತು, ಪೋರ್ಟ್ ಕ್ಯಾನಿಂಗ್ ಅಂತ ಹೆಸರಾಯಿತು, ಕಲಕತ್ತೆಯಿಂದ ರೈಲು ಹಳಿಯೂ ಬಂತು. 1858ರಲ್ಲಿ ಪಿಡಿಂಗ್ಟನ್ ತೀರಿಕೊಂಡ. 1867ರ ನವೆಂಬರಿನಲ್ಲಿ ಚಂಡಮಾರುತ ಬಂದು ಬಂದರನ್ನು ಹಾಳುಗೆಡವಿತು. ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಟ್ಟರು. ಅಮಿತಾವ್ ಘೋಷ್ ತಮ್ಮ 2004ರ ಕಾದಂಬರಿ 'ದ ಹಂಗ್ರಿ ಟೈಡ್'ನಲ್ಲಿ ಈ ಕತೆಯನ್ನು ಚೆನ್ನಾಗಿ ಹೇಳಿದ್ದಾರೆ, ಓದಿದವರಿಗೆ ನೆನಪಿರಬಹುದು.

ಅದಕ್ಕೂ ಮೂರು ವರ್ಷ ಮುಂಚೆ, 1864ರ ಅಕ್ಟೋಬರ್ 5ರಂದು, ಕಲಕತ್ತೆಯೇ ಪೆಟ್ಟು ತಿಂದಿತ್ತು. ಹೂಗ್ಲಿಯಲ್ಲಿ ಲಂಗರು ಹಾಕಿದ್ದ ಇನ್ನೂರರಷ್ಟು ಹಡಗುಗಳಲ್ಲಿ ಬಹುತೇಕ ಎಲ್ಲವೂ ಜಖಂ. ನದಿಯ ಎರಡೂ ದಂಡೆಯ ತಗ್ಗು ಊರುಗಳಲ್ಲಿ ಸತ್ತವರು ಐವತ್ತು-ಅರವತ್ತು ಸಾವಿರ. ಮರುವರ್ಷವೇ ಕಲಕತ್ತೆ ಬಂದರಿಗೆ ಚಂಡಮಾರುತದ ಮುನ್ನೆಚ್ಚರಿಕೆ ಕೊಡುವ ವ್ಯವಸ್ಥೆ ಬಂತು, 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಹುಟ್ಟಿತು. ಸರ್ಕಾರಕ್ಕೆ ಹಡಗಿನ ಮೇಲಿದ್ದ ಕಾಳಜಿ ಹಳ್ಳಿಯ ಮೇಲೆ ಇರಲಿಲ್ಲ ಅಂತ ಬೈಯಬಹುದು. ಆದರೆ ಆ ಕಾಲಕ್ಕೆ ಎಚ್ಚರಿಕೆ ತಲುಪಿಸಲು ಆಗುತ್ತಿದ್ದದ್ದೂ ತಂತಿ ಹೋಗುವ ಬಂದರುಗಳಿಗೆ ಮಾತ್ರ.

ಈ ಹುಟ್ಟಿನ ಗುಣ ಮಾತ್ರ ಬಹಳ ಕಾಲ ಬಿಡಲಿಲ್ಲ. ಮಂಗಳೂರು, ಕಾರವಾರ ಕಡೆಯವರು 'ಬಂದರಿನಲ್ಲಿ 3ನೇ ನಂಬರಿನ ಸಂಕೇತ' ಅಂತ ಪತ್ರಿಕೆಯಲ್ಲಿ ಓದಿರುತ್ತೀರಿ. ಹಗಲು ಕಂಬಕ್ಕೆ ಶಂಕು, ಪೀಪಾಯಿ ಆಕಾರದ ಗುರುತುಗಳನ್ನು ಏರಿಸೋದು, ರಾತ್ರಿ ಕೆಂಪು-ಬಿಳಿ ದೀಪ. ನಮ್ಮಲ್ಲಿ ಒಟ್ಟು 11 ಸಂಕೇತಗಳಿವೆ. ನಂಬರು ಜಾಸ್ತಿ ಆದಷ್ಟೂ ಅಪಾಯ ಜಾಸ್ತಿ ಅಂತ ತಾನೇ ನೀವಂದುಕೊಳ್ಳೋದು? ಪೂರ್ತಿ ಹಾಗಿಲ್ಲ. 8, 9, 10 ಮೂರೂ ಒಂದೇ ಜೋರಿನ ಅಪಾಯ. ಚಂಡಮಾರುತ ಬಂದರಿನ ಯಾವ ಪಕ್ಕದಿಂದ ಹಾದುಹೋಗುತ್ತದೆ, ಅಥವಾ ಬಂದರಿನ ಮೇಲೆಯೇ ಬರುತ್ತದೆಯೇ ಅನ್ನೋದಷ್ಟೇ ವ್ಯತ್ಯಾಸ. 5, 6, 7ರದ್ದೂ ಅದೇ ಕತೆ. 11 ಅಂದರೆ ಎಚ್ಚರಿಕೆ ಕೊಡುವ ಕೇಂದ್ರದ ಜೊತೆ ಸಂಪರ್ಕವೇ ಕಡಿದುಹೋಗಿದೆ ಅಂತ! ಹಡಗಿನ ಕ್ಯಾಪ್ಟನ್ನನಿಗೆ ಇದೆಲ್ಲ ಬೇಕು. ಗಾಳಿ ಎಡದಿಂದಲೋ ಬಲದಿಂದಲೋ ಅನ್ನೋದರ ಮೇಲೆ ಅವನ ಜೀವ ನಿಂತಿದೆ. ನದಿಯ ಮುಖಜದಲ್ಲಿ ಭತ್ತ ಬೆಳೆಯುವವನಿಗೆ ಬೇಕಾದದ್ದು ಬೇರೆಯೇ ಉತ್ತರ: ನೀರು ಎಷ್ಟು ಎತ್ತರ ಬರುತ್ತೆ, ಯಾವಾಗ ಬರುತ್ತೆ, ನಾನು ಎಲ್ಲಿಗೆ ಹೋಗಲಿ? ಈ ಮೂರಕ್ಕೂ ಆ ನಂಬರಿನಲ್ಲಿ ಉತ್ತರ ಇಲ್ಲ. ಬಾಂಗ್ಲಾದೇಶಕ್ಕೂ ಇದೇ ಬಂದರು ನಂಬರುಗಳು ಬಳುವಳಿಯಾಗಿ ಹೋದವು.

ನೀರು ಅಲ್ಲಿ ಮಾತ್ರ ಯಾಕೆ ಅಷ್ಟು ಏರುತ್ತೆ? ಚಂಡಮಾರುತದ ನಡುವೆ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಸಮುದ್ರ ಅಲ್ಲಿ ಸ್ವಲ್ಪ ಮೇಲೇಳುತ್ತದೆ. ಇದು ಹೆಚ್ಚೆಂದರೆ ಅರ್ಧ, ಮುಕ್ಕಾಲು ಮೀಟರು. ಉಳಿದದ್ದೆಲ್ಲ ಗಾಳಿ ನೀರನ್ನು ದಡಕ್ಕೆ ತಳ್ಳೋದರಿಂದ. ಆಳದ ಸಮುದ್ರದಲ್ಲಿ ತಳ್ಳಿದ ನೀರು ಅಡಿಯಿಂದ ವಾಪಸ್ ಹರಿಯುತ್ತದೆ. ಬಂಗಾಳ ಕೊಲ್ಲಿಯ ಉತ್ತರ ತುದಿಯಲ್ಲಿ ನೂರಾರು ಕಿಲೋಮೀಟರ್ ದೂರಕ್ಕೂ ಆಳ ಇಲ್ಲ. ಗಂಗೆ, ಬ್ರಹ್ಮಪುತ್ರ ತಂದು ಸುರಿದ ಮಣ್ಣು. ಜೊತೆಗೆ ಕೊಲ್ಲಿ ಆಲಿಕೆಯ ಹಾಗೆ ಕಿರಿದಾಗುತ್ತಾ ಹೋಗುತ್ತದೆ. ನೀರಿಗೆ ಮೇಲೇಳೋದು ಬಿಟ್ಟು ಬೇರೆ ದಾರಿಯಿಲ್ಲ. ಅದೇ ಹೊತ್ತಿಗೆ ಹುಣ್ಣಿಮೆಯ ಉಬ್ಬರವೂ ಸೇರಿದರೆ ಮುಗಿಯಿತು. ಒಂದು ಘನ ಮೀಟರ್ ನೀರು ಒಂದು ಟನ್ ತೂಗುತ್ತದೆ ಅನ್ನೋದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಸೊಂಟದ ಮಟ್ಟದ ನೀರು ಓಡುತ್ತಾ ಬಂದರೆ ಪೈಲ್ವಾನನೂ ನಿಲ್ಲಲಾರ. ಮೇಲಾಗಿ ಅಲ್ಲಿನ ದ್ವೀಪಗಳು ಸಮುದ್ರಕ್ಕಿಂತ ಎರಡು-ಮೂರು ಮೀಟರ್ ಎತ್ತರ ಇದ್ದರೆ ಹೆಚ್ಚು.

1876ರ ಅಕ್ಟೋಬರ್ 31ರ ರಾತ್ರಿ ಮೇಘನಾ ನದಿಯ ಮುಖಜದಲ್ಲಿ ಹೀಗೇ ಆಯಿತು. ಬಾಕರ್‌ಗಂಜ್ ಚಂಡಮಾರುತ ಅಂತ ಅದರ ಹೆಸರು. ಜನ ಮಲಗಿದ್ದಾಗ ನೀರು ಬಂತು. ಮುಳುಗಿ ಸತ್ತವರು ಸುಮಾರು ಒಂದು ಲಕ್ಷ. ಆಮೇಲೆ ಕಾಲರಾ ಬಂದು ಹೆಚ್ಚುಕಡಿಮೆ ಅಷ್ಟೇ ಜನ. ಉಳಿದವರು ಉಳಿದದ್ದು ಹೇಗೆ? ಮನೆಯ ಸುತ್ತ ಬೆಳೆಸಿದ್ದ ಮರಗಳಿಂದ. ಕೆಲವರು ಮರ ಹತ್ತಿದರು, ಕೆಲವರ ಮನೆಯ ಹುಲ್ಲಿನ ಮಾಡು ಕಿತ್ತು ತೇಲಿಹೋಗಿ ಮರಗಳಿಗೆ ಸಿಕ್ಕಿ ನಿಂತಿತು. ಆ ಕಾಲದ ಶೆಲ್ಟರ್ ಅಂದರೆ ಮರವೇ. ಆಗ ಹಾಳಾದ ದ್ವೀಪಗಳಲ್ಲಿ ಒಂದರ ಹೆಸರು ದಕ್ಷಿಣ ಶಹಬಾಜ್‌ಪುರ. ಅದನ್ನೇ ಈಗ ಭೋಲಾ ಅನ್ನುತ್ತಾರೆ.

ಭೋಲಾ. 1970ರ ನವೆಂಬರ್ 12.

ಆಗ ಅದು ಪೂರ್ವ ಪಾಕಿಸ್ತಾನ. ಭತ್ತದ ಕೊಯ್ಲಿನ ಕಾಲ, ಹೊರಗಿನಿಂದ ಕೂಲಿಯವರೂ ಬಂದಿದ್ದರು. ಅಮೆರಿಕದ ಹವಾಮಾನ ಉಪಗ್ರಹ ಚಂಡಮಾರುತದ ಚಿತ್ರ ತೆಗೆದಿತ್ತು, ಕಾಕ್ಸ್ ಬಜಾರಿನಲ್ಲಿ ರಡಾರ್ ಇತ್ತು, ರೇಡಿಯೋದಲ್ಲಿ ಎಚ್ಚರಿಕೆಯೂ ಬಂದಿತ್ತು. ಮೂರು ವಾರದ ಹಿಂದಷ್ಟೇ, ಅಕ್ಟೋಬರಿನಲ್ಲಿ, ಇನ್ನೊಂದು ಚಂಡಮಾರುತಕ್ಕೆ ಎಚ್ಚರಿಕೆ ಕೊಟ್ಟಿದ್ದರು. ಅದು ಹೆದರಿಸಿದಷ್ಟು ಏನೂ ಮಾಡಿರಲಿಲ್ಲ. ಹಾಗಾಗಿ ನವೆಂಬರಿನ ಎಚ್ಚರಿಕೆ ಕೇಳಿದವರು ಕೇಳಿ ಸುಮ್ಮನಾದರು. ರಾತ್ರಿ, ಹುಣ್ಣಿಮೆಯ ಆಸುಪಾಸು, ಭರ್ತಿ ಉಬ್ಬರದ ಹೊತ್ತಿಗೆ ಸರಿಯಾಗಿ ಚಂಡಮಾರುತ ದಡ ಮುಟ್ಟಿತು. ನೀರು ಕೆಲವು ಕಡೆ 6 ಮೀಟರಿಗೂ ಮೇಲೆ ಬಂತು. ಅಂದರೆ ಎರಡು ಅಂತಸ್ತಿನ ಮನೆಯಷ್ಟು.

1971ರಲ್ಲಿ ನೀಲ್ ಫ್ರಾಂಕ್ ಮತ್ತು ಎಸ್. ಎ. ಹುಸೇನ್ ಎಂಬ ಹವಾಮಾನ ತಜ್ಞರು ಬರೆದ ಲೇಖನದಲ್ಲಿ ಒಂದು ಅಂಕಿ ಇದೆ. ಈ ಇಡೀ ಬರಹಕ್ಕೆ ಕಾರಣವೇ ಆ ಅಂಕಿ ಅನ್ನಬಹುದು. ಚಂಡಮಾರುತ ಬರುತ್ತಿದೆ ಅಂತ ಆ ಪ್ರದೇಶದ ಶೇಕಡ 90ಕ್ಕೂ ಹೆಚ್ಚು ಜನಕ್ಕೆ ಗೊತ್ತಿತ್ತು. ಗಟ್ಟಿ ಕಟ್ಟಡಕ್ಕೆ ಹೋಗಿ ಸೇರಿಕೊಂಡವರು ಶೇಕಡ 1ರಷ್ಟು.

ತೊಂಬತ್ತು ಮತ್ತು ಒಂದು. 'ಜನಕ್ಕೆ ತಿಳುವಳಿಕೆ ಇಲ್ಲ, ಅದಕ್ಕೇ ಸಾಯ್ತಾರೆ' ಅಂತ ನಾವು ಸಲೀಸಾಗಿ ಹೇಳಿಬಿಡುತ್ತೇವಲ್ಲ, ಈ ಅಂಕಿಯ ಮುಂದೆ ಆ ಮಾತು ನಿಲ್ಲುವುದಿಲ್ಲ. ಅವರಿಗೆ ತಿಳಿದಿತ್ತು. ತಿಳಿದು ಹೋಗುವುದೆಲ್ಲಿಗೆ? ದ್ವೀಪದ ತುಂಬ ಬಿದಿರು-ಹುಲ್ಲಿನ ಮನೆಗಳು. ಪಕ್ಕಾ ಕಟ್ಟಡ ಎಲ್ಲೋ ಒಂದು. ದನ, ಎಮ್ಮೆ, ಕೊಯ್ದ ಪೈರು ಎಲ್ಲ ಬಿಟ್ಟು, ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು, ಕತ್ತಲಲ್ಲಿ, ಗಾಳಿಯಲ್ಲಿ, ಹೋದ ಸಲದ ಹಾಗೆ ಸುಳ್ಳಾಗಬಹುದಾದ ಸುದ್ದಿಗೆ ಹೊರಡಬೇಕಿತ್ತು.

ಢಾಕಾದ ಕಾಲರಾ ಸಂಶೋಧನಾ ಪ್ರಯೋಗಾಲಯದಲ್ಲಿದ್ದ ಆಲ್ಫ್ರೆಡ್ ಸಾಮರ್ ಮತ್ತು ವೈಲಿ ಮೋಸ್ಲಿ ಎಂಬ ಇಬ್ಬರು ವೈದ್ಯರು ಆಮೇಲೆ ಹಾಳಾದ ಊರುಗಳಲ್ಲಿ ಸಮೀಕ್ಷೆ ನಡೆಸಿದರು. 1972ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಅವರ ಲೆಕ್ಕದಲ್ಲಿ ಕನಿಷ್ಠ 2,24,000 ಸಾವು. ಭೋಲಾ ದ್ವೀಪದ ತಜುಮುದ್ದೀನ್ ಎಂಬ ಠಾಣೆಯ ವ್ಯಾಪ್ತಿಯಲ್ಲಿ ನೂರಕ್ಕೆ 46 ಜನ ಸತ್ತಿದ್ದರು. ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಹತ್ತು ವರ್ಷದೊಳಗಿನ ಮಕ್ಕಳು, ಜನಸಂಖ್ಯೆಯಲ್ಲಿ ಅವರ ಪಾಲು ಮೂರರಲ್ಲಿ ಒಂದು ಮಾತ್ರ. ಬದುಕಿ ಉಳಿದವರ ಮೈಮೇಲೆ ಒಂದೇ ಥರದ ಗಾಯ ಕಂಡಿತು: ಎದೆ, ತೋಳಿನ ಒಳಭಾಗ, ತೊಡೆಯ ಒಳಭಾಗ ತರಚಿ ಹೋಗಿತ್ತು. ನೀರು ಎಳೆಯುತ್ತಿದ್ದಾಗ ಗಂಟೆಗಟ್ಟಲೆ ಮರ ತಬ್ಬಿಕೊಂಡಿದ್ದ ಗುರುತು. ವೈದ್ಯರು ಅದಕ್ಕೆ 'ಸೈಕ್ಲೋನ್ ಸಿಂಡ್ರೋಮ್' ಅಂತ ಹೆಸರಿಟ್ಟರು. ಮರ ತಬ್ಬುವಷ್ಟು ತೋಳಿನ ಬಲ ಇದ್ದವರು ಉಳಿದರು. ಮಕ್ಕಳ ಅಂಕಿ ಯಾಕೆ ಅಷ್ಟು ಅಂತ ಇನ್ನು ಬಿಡಿಸಿ ಹೇಳಬೇಕಿಲ್ಲ. 1876ರಿಂದ 94 ವರ್ಷ ಕಳೆದರೂ ಶೆಲ್ಟರ್ ಅಂದರೆ ಅದೇ ಮರ.

ಪಶ್ಚಿಮ ಪಾಕಿಸ್ತಾನದ ಸರ್ಕಾರದ ನೆರವು ನಿಧಾನವಾಯಿತು, ಡಿಸೆಂಬರಿನ ಚುನಾವಣೆಯಲ್ಲಿ ಅವಾಮಿ ಲೀಗ್ ಪೂರ್ವದ 162 ಸ್ಥಾನಗಳಲ್ಲಿ 160 ಗೆದ್ದಿತು, ಮುಂದಿನ ವರ್ಷ ಯುದ್ಧ, ಬಾಂಗ್ಲಾದೇಶ. ಇದು ಎಲ್ಲರಿಗೂ ಗೊತ್ತಿರುವ ಭಾಗ. ಚಂಡಮಾರುತದಿಂದಲೇ ದೇಶ ಹುಟ್ಟಿತು ಅಂತ ಕೆಲವರು ಬರೆಯುತ್ತಾರೆ. ಅದು ಅತಿಯಾಯಿತು ಅಂತ ನನ್ನ ಅನಿಸಿಕೆ, ಅಸಮಾಧಾನಕ್ಕೆ ಬೇರೆ ಬೇಕಾದಷ್ಟು ಕಾರಣಗಳಿದ್ದವು.

ಗೊತ್ತಿಲ್ಲದ ಭಾಗ ಆಮೇಲಿನದ್ದು. ಹೊಸ ದೇಶದ ಕೈಯಲ್ಲಿ ದುಡ್ಡಿಲ್ಲ. 1972ರಲ್ಲಿ ರೆಡ್‌ಕ್ರಾಸ್ ಕಡೆಯಿಂದ ಕ್ಲಾಸ್ ಹಾಗ್‌ಸ್ಟ್ರೋಮ್ ಎಂಬ ಸ್ವೀಡನ್ನಿನವರೊಬ್ಬರು ಕರಾವಳಿಯಲ್ಲಿ ಸುತ್ತಾಡಿ ಚಂಡಮಾರುತ ಸನ್ನದ್ಧತಾ ಕಾರ್ಯಕ್ರಮ ಎಂಬುದನ್ನು ಶುರು ಮಾಡಿದರು. 1973ರಲ್ಲಿ ಸರ್ಕಾರ ಅದನ್ನು ಒಪ್ಪಿ ರೆಡ್‌ಕ್ರಾಸ್ ಜೊತೆ ಸೇರಿ ನಡೆಸತೊಡಗಿತು. ಯೋಜನೆಯ ಬಂಡವಾಳ ಏನು ಗೊತ್ತಾ? ಆಯಾ ಊರಿನವರೇ ಆದ ಸ್ವಯಂಸೇವಕರು. ಅವರ ಕೈಗೆ ಟ್ರಾನ್ಸಿಸ್ಟರ್ ರೇಡಿಯೋ, ಮೆಗಾಫೋನ್, ಕೈಯಲ್ಲಿ ತಿರುಗಿಸುವ ಸೈರನ್, ಟಾರ್ಚು, ಮಳೆಕೋಟು, ಬಾವುಟ. ಅಷ್ಟೇ. ಅಪಾಯ ಏರಿದಂತೆ ಒಂದು ಬಾವುಟ, ಎರಡು ಬಾವುಟ, ಮೂರು ಬಾವುಟ. ಎಂಟೋ ಒಂಬತ್ತೋ ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ. ಮೂರು ಬಾವುಟ ಕಂಡರೆ ಎದ್ದು ಹೊರಡೋದು.

ಢಾಕಾದ ರೇಡಿಯೋದಲ್ಲಿ ಯಾರೋ ಹೇಳೋದಕ್ಕೂ ಪಕ್ಕದ ಮನೆಯ ಹುಡುಗ ಬಾಗಿಲು ಬಡಿದು 'ಚಿಕ್ಕಪ್ಪಾ, ಏಳಿ, ನಾನು ಅಜ್ಜಿಯನ್ನು ಹೊತ್ಕೊತೀನಿ' ಅನ್ನೋದಕ್ಕೂ ಎಷ್ಟು ವ್ಯತ್ಯಾಸ ಅಂತ ಯೋಚಿಸಿ. ಸುದ್ದಿ ಅದೇ. ಹೇಳಿದವನು ಬೇರೆ. ಅವನು ಸುಳ್ಳು ಹೇಳಿದರೆ ನಾಳೆ ಅದೇ ಊರಲ್ಲಿ ಮುಖ ತೋರಿಸಬೇಕು.

ಅದೇ ಕಾಲದಲ್ಲಿ ಮಣ್ಣಿನ ಎತ್ತರದ ದಿಬ್ಬಗಳನ್ನೂ ಕಟ್ಟಿದರು. 'ಮುಜೀಬ್ ಕಿಲ್ಲಾ' ಅಂತ ಅವುಗಳ ಹೆಸರು. ಮುಖ್ಯವಾಗಿ ದನಕರುಗಳಿಗೆ. ಮೊದಲು ಇದನ್ನು ಓದಿದಾಗ ಜನಕ್ಕೇ ಜಾಗ ಇಲ್ಲ, ದನಕ್ಕೆ ಕೋಟೆಯಾ ಅನ್ನಿಸುತ್ತೆ. ಕೃಷಿ ಮನೆಯಲ್ಲಿ ಬೆಳೆದವರಿಗೆ ತಕ್ಷಣ ಗೊತ್ತಾಗುತ್ತದೆ. ಹಟ್ಟಿಯಲ್ಲಿ ಕರು ಕಟ್ಟಿಹಾಕಿ ಯಾರು ತಾನೇ ಹೊರಡುತ್ತಾರೆ? ದನಕ್ಕೆ ಜಾಗ ಇದ್ದರೆ ಮಾತ್ರ ಜನ ಮನೆ ಬಿಡೋದು.

1991ರ ಏಪ್ರಿಲ್ 29ರಂದು ಚಿತ್ತಗಾಂಗ್ ಕಡೆಗೆ ಬಂದದ್ದು ಇದೆಲ್ಲದರ ಪರೀಕ್ಷೆ. ಫಲಿತಾಂಶ ಭಯಂಕರ: 1,38,000ಕ್ಕೂ ಹೆಚ್ಚು ಸಾವು. ಎಚ್ಚರಿಕೆ ತಲುಪಿತ್ತು, ಸ್ವಯಂಸೇವಕರು ಕೂಗಿ ಹೇಳಿದ್ದರು, ಅವರಲ್ಲೇ ಕೆಲವರು ಸತ್ತರು. ಆದರೆ ಶೆಲ್ಟರುಗಳು ಸಾಕಷ್ಟಿರಲಿಲ್ಲ, ಇಡೀ ಕರಾವಳಿಗೆ ಕೆಲವು ನೂರು. ಆಮೇಲೆ ನಡೆದ ಒಂದು ಸಮೀಕ್ಷೆಯಲ್ಲಿ ಸಿಕ್ಕ ಲೆಕ್ಕ ಇದು: ಇಟ್ಟಿಗೆ ಅಥವಾ ಕಾಂಕ್ರೀಟ್ ಕಟ್ಟಡ ತಲುಪಿದವರೆಲ್ಲ ಬದುಕಿದ್ದರು, ತಲುಪದವರಲ್ಲಿ ನೂರಕ್ಕೆ 22 ಜನ ಸತ್ತಿದ್ದರು. ಹತ್ತು ವರ್ಷದೊಳಗಿನವರಲ್ಲಿ ನೂರಕ್ಕೆ 26, ನಲವತ್ತು ದಾಟಿದ ಹೆಂಗಸರಲ್ಲಿ ನೂರಕ್ಕೆ 31.

ಹೆಂಗಸರು ಯಾಕೆ? ಗಂಡ ಮನೆಯಲ್ಲಿಲ್ಲ, ಅವರು ಬಂದು ಹೇಳದೆ ಹೊರಡುವಂತಿಲ್ಲ. ಶೆಲ್ಟರಿನಲ್ಲಿ ಗಂಡಸರು ಹೆಂಗಸರು ಎಲ್ಲ ಒಂದೇ ಕೋಣೆಯಲ್ಲಿ, ಶೌಚಾಲಯ ಇಲ್ಲ. ಮಕ್ಕಳು ಕಂಕುಳಲ್ಲಿ. ನೀರಿಗೆ ಬಿದ್ದರೆ ಕಾಲಿಗೆ ಸುತ್ತಿಕೊಳ್ಳುವ ಸೀರೆ, ಮುಳ್ಳಿಗೆ ಸಿಕ್ಕಿಕೊಳ್ಳುವ ಉದ್ದ ಕೂದಲು. ಇದರಲ್ಲಿ ಒಂದೂ ಹವಾಮಾನಕ್ಕೆ ಸಂಬಂಧಪಟ್ಟದ್ದಲ್ಲ! ಆಮೇಲೆ ಕಟ್ಟಿದ ಸಾವಿರಾರು ಶೆಲ್ಟರುಗಳಲ್ಲಿ ಹೆಂಗಸರಿಗೆ ಬೇರೆ ಕೋಣೆ, ಶೌಚಾಲಯ, ಕೆಲವು ಕಡೆ ದನ ಹತ್ತಲು ಇಳಿಜಾರು ಸೇರಿಕೊಂಡವು. ಕಂಬಗಳ ಮೇಲೆ ನಿಂತ ಕಟ್ಟಡ, ಕೆಳಗೆ ಖಾಲಿ, ನೀರು ಬಂದರೆ ಅಡಿಯಲ್ಲಿ ಹರಿದು ಹೋಗಲಿ ಅಂತ. ಬಹಳಷ್ಟು ಕಡೆ ಅದು ವರ್ಷವಿಡೀ ಪ್ರೈಮರಿ ಶಾಲೆ. ಇದು ಜಾಣತನ. ಹತ್ತು ವರ್ಷಕ್ಕೊಮ್ಮೆ ತೆರೆಯುವ ಕಟ್ಟಡವಾದರೆ ಛಾವಣಿ ಸೋರುತ್ತದೆ, ಬೀಗದ ಕೈ ಯಾರ ಹತ್ತಿರ ಇದೆ ಅಂತ ಆ ರಾತ್ರಿ ಹುಡುಕಬೇಕಾಗುತ್ತದೆ. ದಿನಾ ಮಕ್ಕಳು ಹೋಗಿಬರುವ ಕಟ್ಟಡಕ್ಕೆ ಆ ಗತಿ ಬರೋದು ಕಡಿಮೆ, ದಾರಿಯೂ ಕತ್ತಲಲ್ಲಿ ತಪ್ಪುವುದಿಲ್ಲ.

ನಮ್ಮ ದೇಶ ಈ ಪಾಠ ಕಲಿತದ್ದು ತಡವಾಗಿ. 1977ರ ನವೆಂಬರಿನಲ್ಲಿ ಆಂಧ್ರದ ದಿವಿಸೀಮೆಯಲ್ಲಿ ಹತ್ತು ಸಾವಿರದಷ್ಟು ಜನ ನೀರುಪಾಲಾದರು. 1999ರ ಅಕ್ಟೋಬರ್ 29ರಂದು ಒಡಿಶಾದಲ್ಲಿ ಮತ್ತೆ ಹತ್ತು ಸಾವಿರದ ಹತ್ತಿರ, ಅದರಲ್ಲಿ ಹೆಚ್ಚಿನವರು ಜಗತ್‌ಸಿಂಗ್‌ಪುರ ಜಿಲ್ಲೆಯ ಎರಸಮಾ ಎಂಬ ಒಂದೇ ಬ್ಲಾಕಿನವರು. ಆ ಹೊತ್ತಿಗೆ ಇಡೀ ರಾಜ್ಯದಲ್ಲಿ ಇದ್ದ ಶೆಲ್ಟರುಗಳು ಎರಡು ಡಜನ್ನಿಗಿಂತ ಕಡಿಮೆ, ಅವೂ ರೆಡ್‌ಕ್ರಾಸ್ ಕಟ್ಟಿಸಿದವು. ಅವುಗಳಿಗೆ ಹೋದವರು ಉಳಿದರು. ಒಡಿಶಾ ಸರ್ಕಾರ ಆ ವರ್ಷ ಮುಗಿಯುವುದರೊಳಗೆ ವಿಪತ್ತು ನಿರ್ವಹಣೆಗೆಂದೇ ಪ್ರಾಧಿಕಾರ ಮಾಡಿತು, ಒಂದೊಂದಾಗಿ ನೂರಾರು ಶೆಲ್ಟರು ಕಟ್ಟಿತು, ವರ್ಷಕ್ಕೆ ಎರಡು ಸಲ ಅಣಕು ಕವಾಯತು ಮಾಡಿಸಿತು. 2013ರ ಅಕ್ಟೋಬರ್ 12ರಂದು ಫೈಲಿನ್ ಗೋಪಾಲ್‌ಪುರದ ಹತ್ತಿರ ದಡ ಮುಟ್ಟುವ ಮುಂಚೆ ಸುಮಾರು ಹತ್ತು ಲಕ್ಷ ಜನರನ್ನು ಸ್ಥಳಾಂತರಿಸಿದ್ದರು, ಕೆಲವರನ್ನು ಪೊಲೀಸರು ಹೆಚ್ಚುಕಡಿಮೆ ಎತ್ತಿಕೊಂಡೇ ಹೋದರು. ಸತ್ತವರು ಐವತ್ತಕ್ಕಿಂತ ಕಡಿಮೆ. ನಮ್ಮ ಸರ್ಕಾರಗಳನ್ನು ಬೈಯುವುದರಲ್ಲಿ ನಾನೂ ಹಿಂದೆ ಬಿದ್ದವನಲ್ಲ, ಆದರೆ ಇದಕ್ಕೆ ಶಹಬ್ಬಾಸ್ ಅನ್ನಲೇಬೇಕು.

ಬರೀ ಮುನ್ಸೂಚನೆ ಸಾಲದು ಅನ್ನೋದಕ್ಕೆ ಒಂದೇ ಒಂದು ಜೋಡಿ ನೋಡಿ. 2007ರ ನವೆಂಬರ್ 15ರಂದು ಬಾಂಗ್ಲಾದೇಶಕ್ಕೆ ಸಿಡ್ರ್ ಬಂತು. ಸತ್ತವರು ಸುಮಾರು 3,400. ಸುಂದರಬನದ ಕಾಡು ಪೆಟ್ಟಿನ ಒಂದು ಭಾಗವನ್ನು ತಾನು ತಿಂದಿತು ಅನ್ನೋದೂ ನಿಜ. ಆರು ತಿಂಗಳೂ ಆಗಿರಲಿಲ್ಲ, 2008ರ ಮೇ 2ರಂದು ಮ್ಯಾನ್ಮಾರಿನ ಐರಾವತಿ ಮುಖಜಕ್ಕೆ ನರ್ಗಿಸ್ ಬಂತು. ಎಲ್ಲಿ, ಯಾವಾಗ ಬರುತ್ತದೆ ಅಂತ ನಮ್ಮ ಹವಾಮಾನ ಇಲಾಖೆಯೇ ಎರಡು ದಿನ ಮುಂಚಿತವಾಗಿ ಅವರಿಗೆ ತಿಳಿಸಿತ್ತು. ಆದರೆ ಹಳ್ಳಿಯಲ್ಲಿ ಬಾವುಟ ಹಾರಿಸುವವರಿಲ್ಲ, ಶೆಲ್ಟರಿಲ್ಲ. ಸತ್ತವರು ಮತ್ತು ಕಾಣೆಯಾದವರು ಸೇರಿ 1,38,000ದಷ್ಟು. ಮತ್ತೆ ಜನ ಮರ ತಬ್ಬಿಕೊಂಡರು.

ಇಷ್ಟೆಲ್ಲ ಓದಿದ ಮೇಲೆ ಬಾಂಗ್ಲಾದ ಸ್ವಯಂಸೇವಕರು ಊರವರಿಗೆ ಹೇಳಿಕೊಡುವ ಸಣ್ಣ ಸಣ್ಣ ಮಾತುಗಳು ನನಗೆ ದೊಡ್ಡ ದೊಡ್ಡ ವರದಿಗಳಿಗಿಂತ ಇಷ್ಟವಾಗುತ್ತವೆ. ಕೈಪಂಪಿನ ತಲೆ ಬಿಚ್ಚಿಟ್ಟು ಪೈಪಿನ ಬಾಯಿಗೆ ಪ್ಲಾಸ್ಟಿಕ್ ಬಿಗಿದು ಕಟ್ಟಿ, ಉಪ್ಪುನೀರು ಇಳಿಯದಿರಲಿ. (1876ರಲ್ಲಿ ಕಾಲರಾದಿಂದ ಸತ್ತ ಲಕ್ಷದ ನೆನಪಾಗುತ್ತದೆ.) ಅವಲಕ್ಕಿ, ಬೆಂಕಿಪೊಟ್ಟಣವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮಣ್ಣಿನಲ್ಲಿ ಹೂತಿಡಿ. ಗಾಳಿ ಇದ್ದಕ್ಕಿದ್ದಂತೆ ನಿಂತು ಆಕಾಶ ತಿಳಿಯಾದರೆ ಹೊರಗೆ ಬರಬೇಡಿ. ಅದು ಚಂಡಮಾರುತದ ಕಣ್ಣು, ಸ್ವಲ್ಪ ಹೊತ್ತಿಗೆ ಗಾಳಿ ಎದುರು ದಿಕ್ಕಿನಿಂದ ಹೊಡೆಯುತ್ತದೆ. ಪಿಡಿಂಗ್ಟನ್ ಕೊಂಬಿನ ಹಾಳೆಯಲ್ಲಿ ನಾವಿಕರಿಗೆ ತೋರಿಸಿದ್ದ ಅದೇ ಸುರುಳಿಯ ವಿಚಾರ, ಕಡೆಗೂ ಭತ್ತ ಬೆಳೆಯುವವನ ಮನೆ ಬಾಗಿಲಿಗೆ ಬಂತು.

ಅರಬ್ಬಿ ಸಮುದ್ರದ ನಾವು ಬಚಾವು ಅಂದುಕೊಂಡಿದ್ದೆವು. 2017ರಲ್ಲಿ ಒಖಿ ಬಂದಾಗ ಎಚ್ಚರಿಕೆ ಹೊರಡುವ ಹೊತ್ತಿಗೆ ಕೇರಳ, ತಮಿಳುನಾಡಿನ ಮೀನುಗಾರರು ಆಗಲೇ ನಡುಸಮುದ್ರದಲ್ಲಿದ್ದರು. ಅಲ್ಲಿಗೆ ಯಾವ ಬಾವುಟ ಕಾಣುತ್ತೆ? 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ಕರಾವಳಿಯನ್ನು ಸವರಿಕೊಂಡೇ ಉತ್ತರಕ್ಕೆ ಹೋಯಿತು. ದಕ್ಷಿಣ ಕನ್ನಡದಿಂದ ಕಾರವಾರದವರೆಗೆ ಕಡಲು ಮನೆ, ರಸ್ತೆಗಳಿಗೆ ನುಗ್ಗಿದ್ದನ್ನು ನೋಡಿದ್ದೇವೆ.

2020ರ ಮೇ ತಿಂಗಳಲ್ಲಿ, ಕೊರೊನಾ ಲಾಕ್‌ಡೌನಿನ ನಡುವೆ, ಬಂಗಾಳಕ್ಕೆ ಅಂಫಾನ್ ಬಂತು. ಒತ್ತಾಗಿ ಕೂರಿಸಿದರೆ ರೋಗ, ಕರೆಯದಿದ್ದರೆ ನೀರು. ಬಾಂಗ್ಲಾದೇಶ ತನ್ನ ನಾಲ್ಕು ಸಾವಿರ ಚಿಲ್ಲರೆ ಶೆಲ್ಟರುಗಳ ಜೊತೆಗೆ ಇನ್ನೂ ಹತ್ತು ಸಾವಿರಕ್ಕೂ ಹೆಚ್ಚು ಕಟ್ಟಡಗಳ ಬಾಗಿಲು ತೆರೆಯಿತು. ಎಪ್ಪತ್ತು ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಓಡಾಡಿದರು. ಆ ವರ್ಷದಿಂದ ಅವರಲ್ಲಿ ಅರ್ಧದಷ್ಟು ಹೆಂಗಸರು. 24 ಲಕ್ಷ ಜನ ಮನೆ ಬಿಟ್ಟು ಬಂದರು, ಮಾಸ್ಕು, ಸೋಪು ಹಂಚಿದರು. ಅವರ ಜೊತೆ ಸುಮಾರು ಐದು ಲಕ್ಷ ದನಕರುಗಳೂ ಬಂದವು.